ಅಮೆರಿಕದ ಬಜೆಟ್ ಜಗಳ: ಪಿಂಚಣಿ ಬಂತು, ಸುತ್ತಲಿನದ್ದು ನಿಂತಿತು

2025ರ ಅಕ್ಟೋಬರ್ 1ರಂದು ಅಮೆರಿಕ ಸರ್ಕಾರ ಬಂದ್ ಆಯಿತು. ಬಂದ್ ಅಂದರೆ ನಮಗೆ ಗೊತ್ತಿರುವುದು ಸಂಘಟನೆಗಳು ಕರೆ ಕೊಟ್ಟು ಅಂಗಡಿ ಬಾಗಿಲು ಹಾಕಿಸುವುದು. ಸರ್ಕಾರವೇ ತನ್ನ ಬಾಗಿಲು ತಾನೇ ಹಾಕಿಕೊಂಡು ಕೂರುವುದು ನಮ್ಮ ಕಡೆಯವರಿಗೆ ವಿಚಿತ್ರವಾಗಿಯೇ ಕಾಣುತ್ತದೆ. ಅದೂ ಒಂದೆರಡು ದಿನ ಅಲ್ಲ. ನವೆಂಬರ್ 12ರವರೆಗೆ, ಒಟ್ಟು 43 ದಿನ. ಆವರೆಗೆ 2018-19ರ ಚಳಿಗಾಲದ 35 ದಿನಗಳ ಬಂದ್ ಅತಿ ಉದ್ದದ್ದಾಗಿತ್ತು.

ಇಂಥ ಸುದ್ದಿ ಬಂದಾಗಲೆಲ್ಲ ಎದ್ದು ನಿಲ್ಲುವ ಪ್ರಶ್ನೆ ಒಂದೇ: ವಯಸ್ಸಾದವರ ಪಿಂಚಣಿ ನಿಲ್ಲುತ್ತಾ? ಉತ್ತರ ಸುಲಭ. ನಿಲ್ಲುವುದಿಲ್ಲ, ಆ 43 ದಿನಗಳಲ್ಲೂ ನಿಲ್ಲಲಿಲ್ಲ. ಆದರೆ ಇಲ್ಲಿಗೇ ಮಾತು ಮುಗಿಸಿದರೆ ಅರ್ಧ ಮಾತ್ರ ಹೇಳಿದಂತೆ. ಪಿಂಚಣಿಯೊಂದೇ ಮುದುಕರ ಬದುಕಲ್ಲ. ಅದರ ಸುತ್ತ ಊಟದ ನೆರವಿದೆ, ಚಳಿಗಾಲದ ಹೀಟರ್ ಬಿಲ್ಲಿದೆ, ವೈದ್ಯರ ವಿಡಿಯೊ ಕರೆ ಇದೆ, ಕಚೇರಿಯಿಂದ ಬೇಕಾದ ಒಂದು ಪತ್ರವಿದೆ. ಪೆಟ್ಟು ಬಿದ್ದದ್ದು ಅಲ್ಲಿ.

ಸರ್ಕಾರ ಯಾಕೆ ಬಂದ್ ಆಗುತ್ತದೆ

ಅಮೆರಿಕದ ಹಣಕಾಸು ವರ್ಷ ಅಕ್ಟೋಬರ್ 1ಕ್ಕೆ ಶುರು. ಅಷ್ಟರೊಳಗೆ ಅಲ್ಲಿನ ಸಂಸತ್ತು 12 ಖರ್ಚಿನ ಮಸೂದೆಗಳನ್ನು ಪಾಸು ಮಾಡಬೇಕು. ಆಗದಿದ್ದರೆ ಹಳೆಯ ಲೆಕ್ಕದಲ್ಲೇ ಕೆಲವು ವಾರ ನಡೆಸಿಕೊಂಡು ಹೋಗಿ ಅಂತ ಒಂದು ತಾತ್ಕಾಲಿಕ ಮಸೂದೆಯಾದರೂ ಬೇಕು. ಎರಡೂ ಆಗಲಿಲ್ಲವೆಂದರೆ ಬಂದ್.

ಸಂಸತ್ತು ಮಂಜೂರು ಮಾಡದ ಹಣವನ್ನು ಅಧಿಕಾರಿಗಳು ಮುಟ್ಟಬಾರದು ಎನ್ನುವ ನಿಯಮ 1884ರಷ್ಟು ಹಳೆಯದು. ಆದರೂ ಮಂಜೂರಾತಿ ಸ್ವಲ್ಪ ತಡವಾದರೆ ಕಚೇರಿಗಳು ಹೇಗೋ ನಡೆಯುತ್ತಿದ್ದವು. 1980 ಮತ್ತು 1981ರಲ್ಲಿ ಅಟಾರ್ನಿ ಜನರಲ್ ಆಗಿದ್ದ ಬೆಂಜಮಿನ್ ಸಿವಿಲೆಟ್ಟಿ ಈ ಕಾನೂನಿಗೆ ಬಿಗಿಯಾದ ಅರ್ಥ ಹೇಳಿದರು. ಮಂಜೂರಾತಿ ಇಲ್ಲ ಅಂದರೆ ಕೆಲಸ ನಿಲ್ಲಿಸಲೇಬೇಕು, ಜೀವ ಮತ್ತು ಆಸ್ತಿ ಕಾಪಾಡುವಂಥ ಕೆಲಸಕ್ಕೆ ಮಾತ್ರ ವಿನಾಯಿತಿ. ಇವತ್ತಿನ ಬಂದ್ ಹುಟ್ಟಿದ್ದು ಹೀಗೆ.

ನಮ್ಮಲ್ಲಿ ಯಾಕೆ ಹೀಗಾಗುವುದಿಲ್ಲ? ನಮ್ಮಲ್ಲಿ ಬಜೆಟ್ ತಡವಾದರೆ ಲೇಖಾನುದಾನ ಇದೆ. ಸದನದಲ್ಲಿ ಹಣಕಾಸು ಮಸೂದೆಯೇ ಬಿದ್ದರೆ ಸರ್ಕಾರವೂ ಬೀಳುತ್ತದೆ. ಹಾಗಾಗಿ ಸರ್ಕಾರ ಉಳಿದು ಹಣ ಮಾತ್ರ ಇಲ್ಲದಿರುವ ಸ್ಥಿತಿ ಬರುವುದಿಲ್ಲ. ಅಮೆರಿಕದಲ್ಲಿ ಅಧ್ಯಕ್ಷರ ಆಯ್ಕೆ ಬೇರೆ, ಸಂಸತ್ತಿನ ಆಯ್ಕೆ ಬೇರೆ. ಜಗಳ ಎಷ್ಟೇ ಬಿದ್ದರೂ ಇಬ್ಬರೂ ಕುರ್ಚಿ ಬಿಡಬೇಕಿಲ್ಲ. ಅದರ ಮೇಲೆ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನಲ್ಲಿ ಇಂಥ ಮಸೂದೆ ಮುಂದೆ ಹೋಗಲು 100ರಲ್ಲಿ 60 ಮತ ಬೇಕು. ಬಹುಮತ ಇದ್ದವರೂ ಎದುರು ಪಕ್ಷದ ಕೆಲವರ ಕೈ ಹಿಡಿಯಲೇಬೇಕು.

2025ರ ಜಗಳದ ವಿಷಯ ಆರೋಗ್ಯ ವಿಮೆ. ಒಬಾಮಾ ಕಾಲದ ವಿಮಾ ವ್ಯವಸ್ಥೆಯಲ್ಲಿ ಪ್ರೀಮಿಯಂ ಕಟ್ಟಲು ಸಿಗುತ್ತಿದ್ದ ಹೆಚ್ಚುವರಿ ಸಬ್ಸಿಡಿ ವರ್ಷದ ಕೊನೆಗೆ ಮುಗಿಯುವುದಿತ್ತು. ಅದನ್ನು ಮುಂದುವರಿಸಿದರೆ ಮಾತ್ರ ಮತ ಎಂದರು ಡೆಮಾಕ್ರಟರು. ಮೊದಲು ಸರ್ಕಾರ ತೆರೆಯಿರಿ, ಆಮೇಲೆ ಮಾತಾಡೋಣ ಎಂದರು ಅಧಿಕಾರದಲ್ಲಿದ್ದ ರಿಪಬ್ಲಿಕನ್ನರು. ಕೆಲಸ ಬಿಟ್ಟು ಇನ್ನೂ 65 ತುಂಬದವರಿಗೆ ಈ ಸಬ್ಸಿಡಿ ದೊಡ್ಡ ಆಸರೆಯಾಗಿತ್ತು. ಯಾಕೆಂದರೆ ಹಿರಿಯರಿಗೆ ಸರ್ಕಾರ ಕೊಡುವ ಆರೋಗ್ಯ ವಿಮೆ ಮೆಡಿಕೇರ್ ಸಿಗುವುದು 65ಕ್ಕೆ. ಅಲ್ಲಿಯವರೆಗೆ ವಿಮೆ ತಾವೇ ಕೊಳ್ಳಬೇಕು, ವಯಸ್ಸು ಏರಿದಂತೆ ಪ್ರೀಮಿಯಮ್ಮೂ ಏರುತ್ತದೆ. ಅಂದರೆ ಜಗಳದ ಕಾರಣದಲ್ಲೂ ನಿವೃತ್ತರಿದ್ದರು, ಅದರ ಪರಿಣಾಮದಲ್ಲೂ ಇದ್ದರು. ಕೊನೆಗೆ ಸೆನೆಟ್‌ನಲ್ಲಿ 60-40ರಲ್ಲಿ ಮಸೂದೆ ಪಾಸಾಯಿತು, ಸಬ್ಸಿಡಿ ಅದರಲ್ಲಿ ಇರಲಿಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅಂತೀವಲ್ಲ, ಇಲ್ಲಿ ಬಡವಾದದ್ದು ಕೂಸಲ್ಲ, ಅಜ್ಜ ಅಜ್ಜಿ.

ಚೆಕ್ ಯಾಕೆ ನಿಲ್ಲಲಿಲ್ಲ

ಅಲ್ಲಿನ ವೃದ್ಧಾಪ್ಯದ ಪಿಂಚಣಿಯ ಹೆಸರು ಸೋಷಿಯಲ್ ಸೆಕ್ಯುರಿಟಿ. 1935ರಲ್ಲಿ ಅಧ್ಯಕ್ಷ ರೂಸ್ವೆಲ್ಟ್ ಸಹಿ ಹಾಕಿದ ಕಾನೂನು ಅದು. ದುಡಿಯುವವರ ಸಂಬಳದಲ್ಲಿ 6.2% ಮುರಿಯುತ್ತಾರೆ, ಕಂಪನಿ ಇನ್ನೊಂದು 6.2% ಸೇರಿಸುತ್ತದೆ. ಆ ಹಣ ಬೇರೆಯದೇ ಆದ ಟ್ರಸ್ಟ್ ಫಂಡಿಗೆ ಹೋಗುತ್ತದೆ, ಅಲ್ಲಿಂದ ಪಿಂಚಣಿ ಹೊರಡುತ್ತದೆ. ಹೀಗೆ ಕೊಡಲು ಪ್ರತಿ ವರ್ಷ ಸಂಸತ್ತಿನ ಒಪ್ಪಿಗೆ ಬೇಕಿಲ್ಲ. ಕೊಡಬೇಕು ಅಂತ ಕಾನೂನೇ ಒಮ್ಮೆಗೇ ಹೇಳಿಟ್ಟಿದೆ. ಹುಟ್ಟಿದ ತಾರೀಕು ನೋಡಿ ತಿಂಗಳ ಎರಡನೇ, ಮೂರನೇ ಅಥವಾ ನಾಲ್ಕನೇ ಬುಧವಾರ ಹೆಚ್ಚಿನವರ ಖಾತೆಗೆ ಹಣ ಬೀಳುತ್ತದೆ. ಬಂದ್ ಇದ್ದ ಅಕ್ಟೋಬರ್‌ನ ಬುಧವಾರಗಳಲ್ಲೂ ಬಿತ್ತು. ಮೆಡಿಕೇರ್ ಕೂಡ ಹೆಚ್ಚೂಕಮ್ಮಿ ಹೀಗೇ ನಡೆಯುತ್ತದೆ. ಕೇಂದ್ರ ಸರ್ಕಾರದ ನೌಕರಿಯಿಂದ ನಿವೃತ್ತರಾದವರ ಪಿಂಚಣಿಗೂ ಪ್ರತ್ಯೇಕ ನಿಧಿ ಇದೆ.

ಚೆಕ್ ನಿಲ್ಲುತ್ತದೆ ಎಂದು ಯಾರಾದರೂ ಬಂದ್ ಸಮಯದಲ್ಲಿ ಹೇಳಿದರೆ ನಂಬಬೇಕಿಲ್ಲ, ಅಷ್ಟೇ.

ದುಡ್ಡಿದೆ, ಕೌಂಟರ್‌ನಲ್ಲಿ ಜನ ಇಲ್ಲ

ಆದರೆ ಆ ಪಿಂಚಣಿ ಹಂಚುವ ಇಲಾಖೆಯ ನೌಕರರ ಸಂಬಳ, ಕಚೇರಿ ಬಾಡಿಗೆ, ಫೋನ್ ಬಿಲ್ಲು? ಅದಕ್ಕೆ ಮಾತ್ರ ಪ್ರತಿ ವರ್ಷ ಸಂಸತ್ತು ಒಪ್ಪಬೇಕು. ಹುಂಡಿ ತುಂಬಿದೆ, ಬೀಗದ ಕೈ ಇರುವವರಿಗೆ ಸಂಬಳ ಇಲ್ಲ.

ಇದರಿಂದ ಏನಾಗುತ್ತದೆ ಅನ್ನೋದನ್ನು 1995ರ ನವೆಂಬರ್ ತೋರಿಸಿತು. ಆಗ ಇಲಾಖೆ 61,000ಕ್ಕೂ ಹೆಚ್ಚು ನೌಕರರನ್ನು ಮನೆಗೆ ಕಳಿಸಿ, ಐದು ಸಾವಿರದಷ್ಟು ಜನರನ್ನು ಮಾತ್ರ ಉಳಿಸಿಕೊಂಡಿತ್ತು. ಈಗಾಗಲೇ ಪಿಂಚಣಿ ಬರುತ್ತಿದ್ದವರಿಗೆ ಬಂತು. ಹೊಸದಾಗಿ ಅರ್ಜಿ ಹಾಕಲು ಬಂದವರಿಗೆ ಬಾಗಿಲು ಮುಚ್ಚಿತ್ತು. ನಾಲ್ಕೇ ದಿನದಲ್ಲಿ 1,12,000 ಅರ್ಜಿಗಳನ್ನು ತೆಗೆದುಕೊಳ್ಳಲು ಆಗಲಿಲ್ಲ. ಎಂಟು ಲಕ್ಷ ಫೋನ್ ಕರೆಗಳಿಗೆ ಉತ್ತರ ಕೊಡುವವರಿರಲಿಲ್ಲ. ಗಾಬರಿಯಾದ ಇಲಾಖೆ ಸುಮಾರು 50,000 ಜನರನ್ನು ವಾಪಸ್ ಕರೆಸಿಕೊಂಡಿತು. ಆ ಪಾಠದಿಂದಲೇ ಈಗ ಬಂದ್ ಆದರೂ ಹೆಚ್ಚಿನ ನೌಕರರು ಸಂಬಳ ಇಲ್ಲದೆಯೇ ಬಂದು ಕೂರುತ್ತಾರೆ. 2025ರಲ್ಲಿ ಮನೆಗೆ ಹೋದವರು ಸುಮಾರು 12% ಮಾತ್ರ.

ಹಾಗಂತ ಎಲ್ಲವೂ ಸರಿಯಿತ್ತು ಅಂತಲ್ಲ. ಅದೇ ವರ್ಷ ಫೆಬ್ರವರಿಯಲ್ಲಿ ಇಲಾಖೆಯ ಸಿಬ್ಬಂದಿಯನ್ನು 57,000ದಿಂದ 50,000ಕ್ಕೆ ಇಳಿಸುವ ಗುರಿ ಹಾಕಿಕೊಳ್ಳಲಾಗಿತ್ತು. ಮೊದಲೇ ತೆಳ್ಳಗಾಗಿದ್ದ ಕಚೇರಿಗಳ ಮೇಲೆ ಬಂದ್ ಬಂದು ಬಿತ್ತು. ತುರ್ತು ಅಲ್ಲ ಅಂತ ಪಕ್ಕಕ್ಕೆ ಇಟ್ಟ ಕೆಲಸಗಳಲ್ಲಿ ಒಂದು, ‘ಇವರಿಗೆ ಇಷ್ಟು ಪಿಂಚಣಿ ಬರುತ್ತದೆ’ ಎಂಬ ದೃಢೀಕರಣ ಪತ್ರ ಕೊಡುವುದು. ಕೇಳಲು ಸಣ್ಣ ವಿಷಯ. ಆದರೆ ಕಡಿಮೆ ಬಾಡಿಗೆಯ ಸರ್ಕಾರಿ ಮನೆಗೆ, ಸಾಲಕ್ಕೆ, ಬೇರೆ ನೆರವಿಗೆ ಅರ್ಜಿ ಹಾಕಬೇಕಾದರೆ ಮೊದಲು ಕೇಳುವುದು ಆ ಪತ್ರವನ್ನೇ. ಆನ್‌ಲೈನ್‌ನಲ್ಲಿ ಖಾತೆ ಇದ್ದವರು ತಾವೇ ಇಳಿಸಿಕೊಳ್ಳಬಹುದಿತ್ತು. ಎಂಬತ್ತು ದಾಟಿದ, ಪಾಸ್‌ವರ್ಡ್ ಮರೆತ, ಒಬ್ಬರೇ ಇರುವವರು? ಅವರು ಕಾದರು.

ಒಂದು ಅಂಕಿಗಾಗಿ ಒಂಬತ್ತು ದಿನ

ಬೆಲೆ ಏರಿದಂತೆ ಸೋಷಿಯಲ್ ಸೆಕ್ಯುರಿಟಿ ಮೊತ್ತವೂ ಪ್ರತಿ ಜನವರಿಯಲ್ಲಿ ಏರುತ್ತದೆ. ನಮ್ಮ ತುಟ್ಟಿಭತ್ಯೆ ಇದ್ದ ಹಾಗೆ. ಜುಲೈ, ಆಗಸ್ಟ್, ಸೆಪ್ಟೆಂಬರ್ ಮೂರು ತಿಂಗಳ ಬೆಲೆ ಸೂಚ್ಯಂಕದ ಸರಾಸರಿಯನ್ನು ಹಿಂದಿನ ವರ್ಷದ್ದಕ್ಕೆ ಹೋಲಿಸಿ ಏರಿಕೆ ಎಷ್ಟೆಂದು ಲೆಕ್ಕ ಹಾಕುತ್ತಾರೆ. ಸೆಪ್ಟೆಂಬರ್‌ನ ಅಂಕಿ ಅಕ್ಟೋಬರ್ 15ಕ್ಕೆ ಬರಬೇಕಿತ್ತು. ಆದರೆ ಅದನ್ನು ಕೊಡುವ ಅಂಕಿಅಂಶ ಇಲಾಖೆಯೇ ಬಂದ್ ಆಗಿತ್ತು. ಕೊನೆಗೆ ಈ ಒಂದು ಕೆಲಸಕ್ಕಾಗಿಯೇ ಕೆಲವು ಸಿಬ್ಬಂದಿಯನ್ನು ಕರೆಸಿ ಅಕ್ಟೋಬರ್ 24ರಂದು ಅಂಕಿ ಪ್ರಕಟಿಸಿದರು. ಏರಿಕೆ 2.8%. ನಿವೃತ್ತರಿಗೆ ಸರಾಸರಿ ತಿಂಗಳಿಗೆ ಸುಮಾರು 56 ಡಾಲರ್.

ಇಲ್ಲಿ ಅದೃಷ್ಟ ದೊಡ್ಡದಿತ್ತು. ಬಂದ್ ಶುರುವಾಗುವ ಹೊತ್ತಿಗೆ ಸೆಪ್ಟೆಂಬರ್ ಮುಗಿದಿತ್ತು, ಬೆಲೆಗಳನ್ನು ಬರೆದುಕೊಂಡಾಗಿತ್ತು. ಲೆಕ್ಕ ಹಾಕುವುದಷ್ಟೇ ಬಾಕಿ. ಅಕ್ಟೋಬರ್‌ನಲ್ಲಿ ಅಂಗಡಿ ಅಂಗಡಿಗೆ ಹೋಗಿ ಬೆಲೆ ಬರೆದುಕೊಳ್ಳುವವರು ಇರಲಿಲ್ಲ, ಹಾಗಾಗಿ ಆ ತಿಂಗಳ ಸೂಚ್ಯಂಕವೇ ಹೊರಬರಲಿಲ್ಲ. ಇದೇ ಬಂದ್ ಆಗಸ್ಟ್‌ನಲ್ಲಿ ಬಿದ್ದಿದ್ದರೆ ಕೋಟ್ಯಂತರ ಜನರ ಮುಂದಿನ ವರ್ಷದ ಪಿಂಚಣಿಯ ಲೆಕ್ಕಕ್ಕೇ ಕಲ್ಲು ಬೀಳುತ್ತಿತ್ತು.

ಅಂದಹಾಗೆ ಆ 56 ಡಾಲರ್ ಪೂರ್ತಿ ಕೈಗೆ ಬರಲಿಲ್ಲ. ಮೆಡಿಕೇರ್‌ನಲ್ಲಿ ವೈದ್ಯರ ಖರ್ಚು ನೋಡಿಕೊಳ್ಳುವ ಭಾಗದ ಪ್ರೀಮಿಯಂ 2026ಕ್ಕೆ 185ರಿಂದ 202.90 ಡಾಲರಿಗೆ ಏರಿತು. ಹೆಚ್ಚಿನವರಿಗೆ ಅದನ್ನು ಪಿಂಚಣಿಯಲ್ಲೇ ಮುರಿದುಕೊಳ್ಳುತ್ತಾರೆ. ಉಳಿದದ್ದು 38 ಡಾಲರ್ ಚಿಲ್ಲರೆ. ಇದು ಬಂದ್‌ನಿಂದ ಆದದ್ದಲ್ಲ. ಆದರೆ ಎಷ್ಟು ಸಣ್ಣ ಅಂತರದ ಮೇಲೆ ಅವರ ತಿಂಗಳು ನಡೆಯುತ್ತದೆ ಅನ್ನೋದು ಇದರಿಂದ ಗೊತ್ತಾಗುತ್ತದೆ.

ಪೆಟ್ಟು ತಿಂದವರು ಯಾರು

ಈಗ ಮುಖ್ಯ ವಿಷಯಕ್ಕೆ ಬರೋಣ. ಒಬ್ಬರೇ ಅಜ್ಜಿ, ಒಂದೇ ತಿಂಗಳು, ಎರಡು ಸರ್ಕಾರಿ ನೆರವು ಅಂತ ಇಟ್ಟುಕೊಳ್ಳಿ. ಒಂದು ಪಿಂಚಣಿ, ಇನ್ನೊಂದು ಊಟದ ನೆರವು. ಸ್ನ್ಯಾಪ್ ಎಂಬ ಹೆಸರಿನ ಈ ಯೋಜನೆಯಲ್ಲಿ ದಿನಸಿ ಕೊಳ್ಳಲು ಪ್ರತಿ ತಿಂಗಳು ಒಂದು ಕಾರ್ಡಿಗೆ ಹಣ ತುಂಬುತ್ತಾರೆ. ಸುಮಾರು 4.2 ಕೋಟಿ ಜನ ಆಗ ಇದನ್ನು ನಂಬಿಕೊಂಡಿದ್ದರು, ಅವರಲ್ಲಿ ಹೆಚ್ಚೂಕಮ್ಮಿ ಐವರಲ್ಲಿ ಒಬ್ಬರು 60 ದಾಟಿದವರು. ಅರ್ಹತೆ ಇದ್ದವರಿಗೆಲ್ಲ ಕೊಡಬೇಕು ಅಂತ ಕಾನೂನು ಇಲ್ಲೂ ಇದೆ. ಆದರೆ ಹಣ ಮಾತ್ರ ಪ್ರತಿ ವರ್ಷದ ಮಸೂದೆಯಿಂದ ಬರಬೇಕು. ವ್ಯತ್ಯಾಸ ಇಷ್ಟೇ. ಅಜ್ಜಿಯ ಪಿಂಚಣಿ ಬಂತು, ದಿನಸಿ ಕಾರ್ಡು ಖಾಲಿ ಉಳಿಯಿತು.

ಅಕ್ಟೋಬರ್ ತಿಂಗಳು ಹೇಗೋ ಕಳೆಯಿತು. ನವೆಂಬರ್‌ಗೆ ಬೇಕಾದ 800 ಕೋಟಿ ಡಾಲರ್‌ಗೂ ಹೆಚ್ಚಿನ ಹಣ ಇಲ್ಲ, ಕೊಡಲಾಗದು ಎಂದಿತು ಸ್ನ್ಯಾಪ್ ನಡೆಸುವ ಕೃಷಿ ಇಲಾಖೆ. ತುರ್ತು ನಿಧಿಯಲ್ಲಿ ಇದ್ದದ್ದು ಅದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಅದನ್ನಾದರೂ ಬಳಸಿ ಎಂದು ರೋಡ್ ಐಲೆಂಡ್ ಮತ್ತು ಮ್ಯಾಸಚೂಸೆಟ್ಸ್‌ನ ಕೋರ್ಟುಗಳು ಹೇಳಿದವು. ಸರ್ಕಾರ ಮೊದಲು ಅರ್ಧ ಕೊಡುತ್ತೇವೆ ಎಂದಿತು, ಆಮೇಲೆ ಲೆಕ್ಕ ಬದಲಿಸಿತು. ಪೂರ್ತಿ ಕೊಡಿ ಎಂದು ಕೋರ್ಟು ಆದೇಶಿಸಿದ ಮೇಲೆ ಕೆಲವು ರಾಜ್ಯಗಳು ಪೂರ್ತಿ ಹಾಕಿಯೇಬಿಟ್ಟವು. ಅಷ್ಟರಲ್ಲಿ ಸುಪ್ರೀಂ ಕೋರ್ಟು ಆ ಆದೇಶವನ್ನು ತಡೆಹಿಡಿಯಿತು, ಹಾಕಿದ್ದನ್ನು ಸರಿಪಡಿಸಿ ಎಂದು ಇಲಾಖೆ ರಾಜ್ಯಗಳಿಗೆ ಬರೆಯಿತು. ಇದೆಲ್ಲ ನಡೆದದ್ದು ಹೆಚ್ಚೂಕಮ್ಮಿ ಹತ್ತು ದಿನದಲ್ಲಿ. ಅಂಗಡಿಯ ಕೌಂಟರ್ ಮುಂದೆ ಕಾರ್ಡು ಹಿಡಿದು ನಿಂತವರಿಗೆ ಯಾವ ರಾಜ್ಯದಲ್ಲಿ ಇದ್ದೀರಿ ಎನ್ನುವುದರ ಮೇಲೆ ಊಟ ನಿಂತಿತ್ತು. ಬಂದ್ ಮುಗಿದ ಮೇಲೆ ಬಾಕಿ ಬಂತು, ನಿಜ. ಮೊದಲ ವಾರದ ಹಸಿವನ್ನು ಮೂರನೇ ವಾರದಲ್ಲಿ ತುಂಬಿಸೋದು ಹೇಗೆ?

ಎರಡನೆಯದು ಚಳಿ. ಬಡವರ ಹೀಟರ್ ಬಿಲ್ಲಿಗೆ ನೆರವಾಗುವ ಲಿಹೀಪ್ ಯೋಜನೆಯ ಹಣ ಸಾಮಾನ್ಯವಾಗಿ ಚಳಿ ಶುರುವಾಗುವ ಹೊತ್ತಿಗೆ ರಾಜ್ಯಗಳಿಗೆ ಸೇರುತ್ತದೆ. ಆ ವರ್ಷ ಸೇರಲಿಲ್ಲ. ಪೆನ್ಸಿಲ್ವೇನಿಯಾ ನವೆಂಬರ್ ಮೊದಲಿಗೆ ತೆಗೆದುಕೊಳ್ಳಬೇಕಿದ್ದ ಅರ್ಜಿಗಳನ್ನು ಡಿಸೆಂಬರ್‌ಗೆ ತಳ್ಳಿತು. ಬೆಂಗಳೂರಿನ ಚಳಿ ನೋಡಿದವರಿಗೆ ಇದರ ತೀವ್ರತೆ ಅಷ್ಟಾಗಿ ಗೊತ್ತಾಗದು. ನೀರು ಹೆಪ್ಪುಗಟ್ಟುವ ಊರಲ್ಲಿ ಹೀಟರ್ ಇಲ್ಲದ ರಾತ್ರಿ ಅಂದರೆ ಜೀವದ ಮಾತು.

ಮೂರನೆಯದನ್ನು ಹೆಚ್ಚು ಜನ ಗಮನಿಸಲಿಲ್ಲ. ಕೋವಿಡ್ ಬಂದಾಗ, ಮೆಡಿಕೇರ್ ಇರುವವರು ಮನೆಯಿಂದಲೇ ವಿಡಿಯೊದಲ್ಲಿ ವೈದ್ಯರನ್ನು ನೋಡಬಹುದು ಎಂದು ನಿಯಮ ಸಡಿಲಿಸಿದ್ದರು. ಅದು ಕಾಯಂ ಕಾನೂನಲ್ಲ. ಪ್ರತಿ ಸಲ ಖರ್ಚಿನ ಮಸೂದೆಯ ಬಾಲಕ್ಕೆ ಕಟ್ಟಿ ಮುಂದೂಡುತ್ತಿದ್ದರು. ಮಸೂದೆ ಬೀಳುತ್ತಲೇ ಅದೂ ಬಿತ್ತು. ಅಕ್ಟೋಬರ್ 1ರಿಂದ, ಮಾನಸಿಕ ಆರೋಗ್ಯದಂಥ ಕೆಲವನ್ನು ಬಿಟ್ಟರೆ, ಹಳೆಯ ನಿಯಮ ಮರಳಿತು: ರೋಗಿ ಹಳ್ಳಿಗಾಡಿನವರಾಗಿರಬೇಕು, ಅದೂ ಮನೆಯಲ್ಲಲ್ಲ, ಕ್ಲಿನಿಕ್ಕಿಗೆ ಹೋಗಿ ಅಲ್ಲಿಂದ ವಿಡಿಯೊದಲ್ಲಿ ಕೂರಬೇಕು. ಹಣ ಬರುತ್ತೋ ಇಲ್ಲವೋ ಗೊತ್ತಿಲ್ಲದೆ ಎಷ್ಟೋ ಆಸ್ಪತ್ರೆಗಳು ವಿಡಿಯೊ ಭೇಟಿ ನಿಲ್ಲಿಸಿದವು. ಬಂದ್ ಮುಗಿದಾಗ ಹಿಂದಿನ ದಿನಾಂಕದಿಂದಲೇ ಸೌಲಭ್ಯ ವಾಪಸ್ ಕೊಟ್ಟರು. ಬಿಲ್ಲು ಹಿಂದಿನ ದಿನಾಂಕಕ್ಕೆ ಪಾಸಾಗಬಹುದು, ತಪ್ಪಿಹೋದ ತಪಾಸಣೆ ಹಿಂದಿನ ದಿನಾಂಕಕ್ಕೆ ಆಗುವುದಿಲ್ಲ.

ಈ ಮೂರರಲ್ಲೂ ಕಾಣುವುದು ಒಂದೇ. ಸ್ವಂತ ಉಳಿತಾಯ, ಮನೆ, ಕಾರು ಇರುವ ನಿವೃತ್ತರಿಗೆ ಬಂದ್ ಅಂದರೆ ಟಿವಿಯಲ್ಲಿ ನೋಡುವ ಸುದ್ದಿ. ಪಿಂಚಣಿ ಸಾಲದೆ ಸಣ್ಣ ಸಣ್ಣ ನೆರವುಗಳನ್ನು ಜೋಡಿಸಿಕೊಂಡು ತಿಂಗಳು ತಳ್ಳುವವರಿಗೆ ಅದು ಅಡುಗೆಮನೆಗೇ ಬರುತ್ತದೆ. ‘ಪಿಂಚಣಿಗೆ ತೊಂದರೆಯಿಲ್ಲ’ ಎಂಬ ಸಮಾಧಾನದ ಮಾತು ಹೆಚ್ಚು ಬಡವರಾದವರಿಗೆ ಅಷ್ಟಷ್ಟೇ ಕಡಿಮೆ ಅನ್ವಯಿಸುತ್ತದೆ.

ಸಾಲದ ಮಿತಿಯ ಜಗಳ ಬೇರೆಯೇ

ಸುದ್ದಿಗಳಲ್ಲಿ ಬಂದ್ ಜತೆ ಕಲಸಿಹೋಗುವ ಇನ್ನೊಂದು ವಿಷಯ ಸಾಲದ ಮಿತಿ. ಅಮೆರಿಕ ಸರ್ಕಾರ ಇಷ್ಟಕ್ಕಿಂತ ಜಾಸ್ತಿ ಸಾಲ ಮಾಡುವಂತಿಲ್ಲ ಎಂಬ ಕಾನೂನಿನ ಗೆರೆ ಅದು, 1917ರಿಂದ ಇದೆ. ಬಂದ್‌ನಲ್ಲಿ ಇಲ್ಲದಿರುವುದು ಖರ್ಚು ಮಾಡುವ ಅನುಮತಿ. ಸಾಲದ ಮಿತಿ ಮುಟ್ಟಿದಾಗ ಇಲ್ಲದಿರುವುದು ದುಡ್ಡೇ. ಪಿಂಚಣಿಗೆ ನಿಜವಾದ ಅಪಾಯ ಇರುವುದು ಇಲ್ಲಿ.

2011ರ ಜುಲೈನಲ್ಲಿ ಹೀಗೆ ಗೆರೆ ಹತ್ತಿರ ಬಂದಾಗ, ಆಗಸ್ಟ್ 3ರಂದು ಪಿಂಚಣಿ ಚೆಕ್ ಹೋಗುತ್ತದೆ ಎಂದು ಖಾತ್ರಿ ಕೊಡಲಾರೆ ಎಂದಿದ್ದರು ಅಧ್ಯಕ್ಷ ಒಬಾಮಾ. ಮಿತಿ ಏರಿಸುವ ಮಸೂದೆಗೆ ಸಹಿ ಬಿದ್ದದ್ದು ಆಗಸ್ಟ್ 2ರಂದು. 2023ರಲ್ಲಿ ಜೂನ್ 5ಕ್ಕೆ ದುಡ್ಡು ಮುಗಿಯುತ್ತದೆ ಎಂದಿದ್ದರು ಖಜಾನೆ ಕಾರ್ಯದರ್ಶಿ ಜಾನೆಟ್ ಯೆಲೆನ್. ಮಸೂದೆಗೆ ಸಹಿ ಬಿದ್ದದ್ದು ಜೂನ್ 3ಕ್ಕೆ.

ಚೆಕ್ ನಿಜಕ್ಕೂ ನಿಲ್ಲುತ್ತಿತ್ತಾ ಎನ್ನುವುದರಲ್ಲಿ ಎರಡು ವಾದಗಳಿವೆ. ಟ್ರಸ್ಟ್ ಫಂಡಿನ ಹಣ ಸರ್ಕಾರಿ ಬಾಂಡ್‌ಗಳಲ್ಲಿ ಇರುತ್ತದೆ, ಅದೂ ಸಾಲದ ಲೆಕ್ಕದಲ್ಲೇ ಬರುತ್ತದೆ. ಪಿಂಚಣಿ ಕೊಡಲು 100 ಡಾಲರ್ ಬಾಂಡ್ ಒಡೆದರೆ ಸಾಲ 100 ಇಳಿಯುತ್ತದೆ, ಅಷ್ಟನ್ನು ಹೊರಗಿಂದ ಹೊಸದಾಗಿ ತರಬಹುದು, ಆದ್ದರಿಂದ ಭಯ ಬೇಡ ಎನ್ನುವುದು ಒಂದು ವಾದ. ಕಾಗದದ ಮೇಲೆ ಅದು ಸರಿ, ಆದರೆ ಸರ್ಕಾರ ಮಾತು ತಪ್ಪಿದ ದಿನ ಮಾರುಕಟ್ಟೆಯಲ್ಲಿ ಅಷ್ಟು ಹಣ ತಕ್ಷಣ ಹುಟ್ಟುತ್ತದೆಯೇ, ಬೇರೆ ಬಿಲ್ಲು ತಡೆದು ಪಿಂಚಣಿ ಮಾತ್ರ ಕಳಿಸಲು ಕಂಪ್ಯೂಟರ್‌ಗಳು ತಯಾರಿವೆಯೇ ಎನ್ನುವುದು ಇನ್ನೊಂದು. ಪರೀಕ್ಷೆ ಮಾಡಿ ನೋಡುವ ಧೈರ್ಯ ಈವರೆಗೆ ಯಾರಿಗೂ ಬಂದಿಲ್ಲ. ಬರದಿರುವುದೇ ಒಳ್ಳೆಯದು. 2025ರ ಜುಲೈನಲ್ಲಿ ಮಿತಿಯನ್ನು 5 ಲಕ್ಷ ಕೋಟಿ ಡಾಲರ್ ಏರಿಸಿದ್ದರಿಂದ ಈ ಜಗಳ ಸದ್ಯಕ್ಕೆ ದೂರ ಹೋಗಿದೆ.

ಗಾಬರಿಗೆ ತೆರುವ ಬೆಲೆ

ಈ ಗೊಂದಲದಲ್ಲಿ ಕೆಲವರು ತಮಗೆ ತಾವೇ ನಷ್ಟ ಮಾಡಿಕೊಳ್ಳುತ್ತಾರೆ. 1960 ಅಥವಾ ಆಮೇಲೆ ಹುಟ್ಟಿದವರಿಗೆ ಪೂರ್ತಿ ಪಿಂಚಣಿ ಸಿಗುವುದು 67ಕ್ಕೆ. ಬೇಕಾದರೆ 62ಕ್ಕೇ ತೆಗೆದುಕೊಳ್ಳಬಹುದು, ಆದರೆ 30% ಕಡಿತ. ಅಂದರೆ 67ಕ್ಕೆ 2000 ಡಾಲರ್ ಬರಬೇಕಿದ್ದವರಿಗೆ 62ಕ್ಕೆ 1400, ಅದೂ ಬದುಕಿರುವವರೆಗೆ ಅದೇ ಲೆಕ್ಕ. 70ರವರೆಗೆ ಕಾದರೆ 2480. ‘ಸರ್ಕಾರ ಮುಳುಗುವ ಮೊದಲು ಸಿಕ್ಕಷ್ಟು ತೆಗೆದುಕೊಳ್ಳೋಣ’ ಎಂದು ಓಡಿದವರಿಗೆ ಸರ್ಕಾರ ಮುಳುಗದಿದ್ದರೂ ಕಡಿತ ಉಳಿಯುತ್ತದೆ. ಕೆಲವಾರದ ಜಗಳಕ್ಕೆ ಇಪ್ಪತ್ತು ವರ್ಷದ ಕಂತು. ಆರೋಗ್ಯ ಸರಿಯಿಲ್ಲದೆಯೋ ಕೆಲಸ ಹೋಗಿಯೋ ಬೇಗ ತೆಗೆದುಕೊಳ್ಳುವವರ ಮಾತು ಬೇರೆ.

ಅಲ್ಲಿರುವ ನಮ್ಮವರ ಲೆಕ್ಕ

ಅಮೆರಿಕದಲ್ಲಿ ದುಡಿದ ಕನ್ನಡಿಗರೂ ಸಂಬಳದಲ್ಲಿ ಇದೇ 6.2% ಕಟ್ಟಿದ್ದಾರೆ. ಎಚ್-1ಬಿ ವೀಸಾದಲ್ಲಿ ಇದ್ದವರೂ ಕಟ್ಟಬೇಕು. ಪಿಂಚಣಿ ಸಿಗಲು 40 ಕ್ರೆಡಿಟ್, ಅಂದರೆ ಹತ್ತು ವರ್ಷದ ದುಡಿಮೆ ಬೇಕು. ಆರು ವರ್ಷ ಇದ್ದು ಮರಳಿದವರಿಗೆ ಏನೂ ಇಲ್ಲ. ಭಾರತ ಮತ್ತು ಅಮೆರಿಕದ ನಡುವೆ ಈ ಲೆಕ್ಕ ಕೂಡಿಸುವ ಒಪ್ಪಂದ ಇಲ್ಲ, ಭಾರತ ವರ್ಷಗಳಿಂದ ಕೇಳುತ್ತಲೇ ಇದೆ.

ಮಕ್ಕಳು ಗ್ರೀನ್ ಕಾರ್ಡ್ ಮಾಡಿಸಿ ಕರೆಸಿಕೊಂಡ ತಂದೆತಾಯಿಯ ಸ್ಥಿತಿ ಇನ್ನೊಂದು ಥರ. ಅಲ್ಲಿ ದುಡಿಯದವರಿಗೆ ಪಿಂಚಣಿ ಇಲ್ಲ. ಐದು ವರ್ಷ ಅಲ್ಲೇ ಇದ್ದ ಮೇಲೆ ಮೆಡಿಕೇರ್ ಕೊಳ್ಳಬಹುದು. ಕ್ರೆಡಿಟ್ ಏನೂ ಇಲ್ಲದವರಿಗೆ ಆಸ್ಪತ್ರೆಯ ಭಾಗಕ್ಕೇ 2026ರಲ್ಲಿ ತಿಂಗಳಿಗೆ 565 ಡಾಲರ್. ಹಾಗಾಗಿ ‘ಪಿಂಚಣಿ ನಿಲ್ಲಲ್ಲ’ ಎಂಬ ಮಾತು ಇವರಿಗೆ ಸಂಬಂಧವೇ ಇಲ್ಲದ್ದು. ಮನೆಯಿಂದಲೇ ವೈದ್ಯರನ್ನು ನೋಡುವ ಸೌಲಭ್ಯ ನಿಂತದ್ದು ಮಾತ್ರ ಇವರಿಗೂ ತಟ್ಟಿತು. ಕಾರು ಓಡಿಸಲು ಬಾರದ ಹಿರಿಯರಿಗೆ ಆಸ್ಪತ್ರೆಗೆ ಹೋಗುವುದೆಂದರೆ ಮಗನೋ ಸೊಸೆಯೋ ರಜೆ ಹಾಕಬೇಕು.

ಸುಮ್ಮನೆ ಕೂತರೆ ಏನಾಗುತ್ತದೆ

ಈ ಗೊಂದಲಕ್ಕೆ ಒಂದು ಪರಿಹಾರ ಬಹಳ ಕಾಲದಿಂದ ಚರ್ಚೆಯಲ್ಲಿದೆ. ಬಜೆಟ್ ಪಾಸಾಗದಿದ್ದರೆ ಹಳೆಯ ಮೊತ್ತವೇ ತಾನಾಗಿ ಮುಂದುವರಿಯಲಿ ಎನ್ನುವ ಕಾನೂನು. ಬಂದ್ ಎಂಬ ಅಸ್ತ್ರವೇ ಹೋಗುತ್ತದೆ, ಊಟದ ಕಾರ್ಡಿನ ಮೇಲೆ ರಾಜಕೀಯ ನಡೆಯುವುದಿಲ್ಲ ಎನ್ನುತ್ತಾರೆ ಅದರ ಪರ ಇರುವವರು. ಆಗ ಯಾರೂ ಹೊಸ ಬಜೆಟ್ ಮಾಡುವ ಕಷ್ಟವನ್ನೇ ತೆಗೆದುಕೊಳ್ಳುವುದಿಲ್ಲ, ಬೆಲೆ ಏರಿದರೂ ನೆರವು ನಿಂತಲ್ಲೇ ನಿಲ್ಲುತ್ತದೆ ಎನ್ನುತ್ತಾರೆ ವಿರೋಧಿಸುವವರು. ಎರಡನೆಯವರ ಮಾತಿನಲ್ಲಿ ತಿರುಳಿದೆ, ಆದರೂ ಮೊದಲನೆಯದೇ ಮೇಲು ಅನಿಸುತ್ತದೆ. ನಿಂತಲ್ಲೇ ನಿಂತ ನೆರವು ಇಲ್ಲದ ನೆರವಿಗಿಂತ ವಾಸಿ.

ಆದರೆ ಪಿಂಚಣಿಯ ವಿಷಯದಲ್ಲಿ ಇದರ ಉಲ್ಟಾ ನಡೆಯಲಿದೆ. ಇವತ್ತು ಸಂಸತ್ತು ಏನೂ ಮಾಡದಿದ್ದರೂ ಪಿಂಚಣಿ ಬರುತ್ತದೆ. ಟ್ರಸ್ಟ್ ಫಂಡ್ ನೋಡಿಕೊಳ್ಳುವವರ 2025ರ ವರದಿಯ ಪ್ರಕಾರ ನಿವೃತ್ತರ ನಿಧಿಯ ಉಳಿತಾಯ 2033ರಲ್ಲಿ ಕರಗುತ್ತದೆ. ಆಮೇಲೆ ಸಂಬಳದಲ್ಲಿ ಮುರಿದು ಬರುವ ತೆರಿಗೆಯಿಂದ 77% ಮಾತ್ರ ಕೊಡಬಹುದು. ಆಗ ಸಂಸತ್ತು ಏನೂ ಮಾಡದಿದ್ದರೆ 2000 ಡಾಲರ್ ಪಿಂಚಣಿ 1540ಕ್ಕೆ ಇಳಿಯುತ್ತದೆ. ಅದಕ್ಕೆ ಬಂದ್ ಬೇಡ, ಜಗಳವೂ ಬೇಡ.

ಸರಿಪಡಿಸುವ ದಾರಿಗಳು ಗುಟ್ಟೇನಲ್ಲ. 2026ರಲ್ಲಿ 1,84,500 ಡಾಲರ್‌ಗಿಂತ ಮೇಲಿನ ಸಂಬಳಕ್ಕೆ ಈ ತೆರಿಗೆ ಇಲ್ಲ, ಆ ಗೆರೆ ಏರಿಸಿ ಎನ್ನುತ್ತದೆ ಒಂದು ಬಣ. ಜನ ಹೆಚ್ಚು ಕಾಲ ಬದುಕುತ್ತಿದ್ದಾರೆ, ವಯಸ್ಸು ಏರಿಸಿ ಎನ್ನುತ್ತದೆ ಇನ್ನೊಂದು. 1983ರಲ್ಲಿ ನಿಧಿ ಬರಿದಾಗಲು ಕೆಲವೇ ತಿಂಗಳಿದ್ದಾಗ ಅಧ್ಯಕ್ಷ ರೇಗನ್ ಮತ್ತು ಎದುರು ಪಕ್ಷದ ಸ್ಪೀಕರ್ ಟಿಪ್ ಓನೀಲ್ ಸ್ವಲ್ಪ ತೆರಿಗೆ, ಸ್ವಲ್ಪ ವಯಸ್ಸು ಎರಡನ್ನೂ ಒಪ್ಪಿಕೊಂಡಿದ್ದರು. ಪೂರ್ತಿ ಪಿಂಚಣಿಯ ವಯಸ್ಸು 65ರಿಂದ 67ಕ್ಕೆ ಹೋದದ್ದು ಆಗಲೇ. ಈ ಸಲದ ಗಡುವು 2028ರ ನವೆಂಬರ್‌ನಲ್ಲಿ ಗೆದ್ದು ಬರುವ ಸೆನೆಟರ್‌ಗಳ ಆರು ವರ್ಷದ ಅವಧಿಯೊಳಗೇ ಬೀಳುತ್ತದೆ.